ಕುಂಕುಮದ ಡಬ್ಬಿಯಲ್ಲಿ ಹೋದ ಹಕ್ಕಳೆ

ಕನ್ನೊಳ್ಳಿ
ತಾ. 13-2-1979, ಮಂಗಳವಾರ

ನನ್ನ ಮಗಳು ಕಾಶಿಗೆ, ಅಮೋಘಸಿದ್ಧ ನಿನ್ನ ತಲೆ ಕಾಯಲಿ ಎಂದು ಬೇಡಿಕೊಂಡು ನಿನ್ನ ಅವ್ವ ಬರೆಯುವುದು.

ನಿನ್ನ ಕಾಗದ ಹೋದ ಗುರುವಾರವೇ ಬಂತು. ಅವತ್ತೇ ಉತ್ತರ ಬರೆಯಬೇಕಿತ್ತು, ಕೈ ಏಳಲಿಲ್ಲ. ಈ ವರ್ಷ ದಣಿವು ಎನ್ನುವುದು ನಮ್ಮ ಮನೆಗೆ ಬಂದ ಬೀಗರ ಹಾಗೆ ಕೂತುಬಿಟ್ಟಿದೆ. ಹೋಗುವ ಮಾತೇ ಆಡುವುದಿಲ್ಲ. ಉಳಿದದ್ದನ್ನು ಆಮೇಲೆ ಸಾವಕಾಶ ಓದು, ಮೊದಲು ಒಂದು ಮಾತು. ಬರುವ ಸೋಮವಾರ ಸಹಿ ಹಾಕುತ್ತೇನೆ ಎಂದು ಬರೆದಿದ್ದೀಯಲ್ಲ, ಆ ವರದಿಗೆ ಸಹಿ ಹಾಕಬೇಡ. ನಮ್ಮ ಕುರಿಗಳನ್ನು ಕೊಂದದ್ದು ಸಿಡುಬು ಬಾರದಿರಲೆಂದು ಹಾಕಿದ ಸರಕಾರದ ಸೂಜಿ ಎಂದು ಬರೆದುಕೊಡಬೇಡ. ಈ ಕಾಗದದ ಜೊತೆ ಬಂದಿರುವ ಡಬ್ಬಿಯನ್ನು ನೋಡು, ಆಮೇಲೆ ನಿನಗೆ ಕಂಡದ್ದನ್ನು ಬರೆ.

ನಿನ್ನ ಕಾಗದ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ನಿನ್ನ ಸೋದರಮಾವ ಅಮಸಿದ್ದನ ಹೆಂಡತಿ ರಾಮವ್ವ ಜೋಳ ಹಸನು ಮಾಡುತ್ತ ಹೊಸ್ತಿಲ ಬಳಿ ಕೂತಿದ್ದಳು. ನಿಮ್ಮಪ್ಪ ಹೊರಗೆ ಕಟ್ಟೆಯ ಮೇಲೆ. ಕೈಯ ಹಿಟ್ಟು ಒರೆಸಿಕೊಂಡು ಎಲ್ಲರಿಗೂ ಕೇಳುವಂತೆ ಓದಿದೆ. ಓದಬಾರದಿತ್ತೇನೋ. ಆದರೆ ಈ ಮನೆಯಲ್ಲಿ ನಿನ್ನ ಕಾಗದವನ್ನು ಒಬ್ಬಳೇ ಓದಿದ ರೂಢಿ ನನಗಿಲ್ಲ.

ನೀನು ಬರೆದ ಲ್ಯಾಬಿನ ಸಂಗತಿ ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತೇನೆ, ಸರಿಯೋ ತಪ್ಪೋ ನೋಡು. ಸೂಜಿಯ ಔಷಧಿಯಲ್ಲಿ ಇರುವುದೂ ಸಿಡುಬೇ, ಆದರೆ ಹಲ್ಲು ಕಿತ್ತ ಸಿಡುಬು. ಹಾದಿಯಲ್ಲಿ ಹಬ್ಬುವುದು ಹಲ್ಲಿರುವ ಸಿಡುಬು. ನೋಡಿದರೆ ಎರಡೂ ಒಂದೇ. ಒಳಗೆ ಮಾತ್ರ ಎರಡಕ್ಕೂ ಒಂದೊಂದು ಉದ್ದನೆಯ ಬರಹ ಇದೆ, ನಾಲ್ಕೇ ಅಕ್ಷರ ತಿರುಗಿ ಮುರುಗಿ ಬರುವ ಬರಹ. ಪರದೇಶದವರು ಆ ಬರಹದ ಒಂದು ಚೂರನ್ನು ಓದಿ ನಿಮ್ಮ ಸಾಹೇಬರಿಗೆ ಕಳಿಸಿದ್ದಾರೆ. ಎರಡು ಸಾಲಿಗೂ ಎಲ್ಲೋ ಒಂದೆರಡು ಅಕ್ಷರದ ಫರಕು. ಆ ಬರಹವನ್ನು ಕತ್ತರಿಸುವ ಔಷಧಿಗಳಿವೆ, ಒಂದೊಂದು ಕತ್ತರಿಯೂ ತನಗೆ ಬೇಕಾದ ಅಕ್ಷರಗಳು ಕಂಡಲ್ಲಿ ಮಾತ್ರ ಕತ್ತರಿಸುತ್ತದೆ. ಎಲ್ಲ ಕತ್ತರಿಗಳನ್ನೂ ತರಿಸಿ ನೋಡುವಷ್ಟು ಅನುಕೂಲ ನಿಮಗಿಲ್ಲ. ಅದಕ್ಕೆ ನೀನು ತೂತು ಹೊಡೆದ ಕಾರ್ಡುಗಳ ಪೆಟ್ಟಿಗೆ ಹೊತ್ತುಕೊಂಡು ಪುಣೆಯಿಂದ ಬೊಂಬಾಯಿಗೆ ಹೋಗಿ, ಅಲ್ಲಿಯ ಕಂಪ್ಯೂಟರಿಗೆ ಎರಡು ಸಾಲನ್ನೂ ಕತ್ತರಿಗಳ ಪಟ್ಟಿಯನ್ನೂ ಉಣ್ಣಿಸಿ, ಯಾವ ಕತ್ತರಿ ಒಂದನ್ನು ಕತ್ತರಿಸಿ ಇನ್ನೊಂದನ್ನು ಹಾಗೇ ಬಿಡುತ್ತದೆ ಹೇಳು ಎಂದು ಕೇಳಿದೆ. ದಾದರ ಸ್ಟೇಶನ್ನಿನಲ್ಲಿ ಪೆಟ್ಟಿಗೆ ಬಿದ್ದು ಕಾರ್ಡೆಲ್ಲ ಚೆಲ್ಲಿ, ಬೆಂಚಿನ ಮೇಲೆ ಕೂತು ಒಂದೊಂದೇ ಜೋಡಿಸಿದೆ ಎಂದು ಬರೆದದ್ದನ್ನು ಎರಡು ಸಲ ಓದಿದೆ.

ಇದನ್ನೆಲ್ಲ ಕೇಳಿ ನಿಮ್ಮಪ್ಪ, "ನಾಕ ಅಕ್ಷರ ಓದಾಕ ಅಷ್ಟ ದೊಡ್ಡ ಮಶಿನ್ ಬೇಕೇನು? ನಾ ಅಷ್ಟ ಸಾಲಿ ಕಲ್ತೇನಿ, ನನ್ನ ಕರೀಬೇಕಿತ್ತು" ಅಂದರು. ಕುರಿ ಸತ್ತ ಮೇಲೆ ಅವರು ಆಡಿದ ಮೊದಲ ನಗೆಮಾತು ಅದು. ನಾನು ಅವರಿಗೆ ನನ್ನ ರೀತಿಯಲ್ಲಿ ಹೇಳಿದೆ. ಎರಡು ಹಿಂಡು ಕೂಡಿದಾಗ ಮೈ ನೋಡಿದರೆ ತಿಳಿಯುವುದಿಲ್ಲ, ಕಿವಿ ನೋಡುತ್ತೇವೆ. ನಮ್ಮ ಕುರಿಗೆ ಎಡಗಿವಿ ಸೀಳು, ಅಮಸಿದ್ದನ ಕುರಿಗೆ ಬಲಗಿವಿ ತುದಿ ಕೊಯ್ತ. ಯಾವ ಕಿವಿ ನೋಡಬೇಕು ಅನ್ನುವುದನ್ನು ಆ ಮಶಿನ್ ಹೇಳುತ್ತದೆ, ನೋಡುವುದು ಮಾತ್ರ ನಮ್ಮ ಕಾಶಿಯೇ. ಅವರು ಹೂಂ ಅಂದರು. ಹಾಗೆ ಹೇಳಿದ್ದು ಸರಿಯೋ ಇಲ್ಲವೋ, ನಿನಗೇ ಗೊತ್ತು.

ಆಮೇಲಿನದನ್ನು ಓದುವಾಗ ನನ್ನ ದನಿ ಇಳಿಯಿತು. ಮಶಿನ್ನು ಹೇಳಿದ ಕತ್ತರಿ ಮಂಜುಗಡ್ಡೆಯಲ್ಲಿ ವಿಮಾನದಿಂದ ಬಂತು. ಅದು ಸೂಜಿಯ ಸಿಡುಬಿನ ಬರಹವನ್ನು ಎರಡು ತುಂಡು ಮಾಡುತ್ತದೆ, ಹಾದಿಯ ಸಿಡುಬಿನದನ್ನು ಇಡಿಯಾಗಿ ಬಿಡುತ್ತದೆ. ನಾವು ಕುಂಕುಮದ ಡಬ್ಬಿಯಲ್ಲಿ ಕಳಿಸಿದ, ಒಣಗಿದ ಗಾಯದ ಹಕ್ಕಳೆಯಿಂದ ಬೆಳೆಸಿದ್ದು ಎರಡು ತುಂಡಾಯಿತು. ಮೂರು ಸಲ ಮಾಡಿದರೂ ಎರಡೇ ತುಂಡು. "ಅಂದರೆ ಸೂಜಿಯೇ ಕೊಂದಿತು ಅವ್ವಾ, ಹಾಕಿಸಿ ಎಂದು ಕಾಗದದ ಮೇಲೆ ಕಾಗದ ಬರೆದವಳು ನಾನು. ವರದಿ ಕೊಟ್ಟು ಕೆಲಸ ಬಿಟ್ಟು ಬರುತ್ತೇನೆ, ಅಪ್ಪನ ಜೊತೆ ಕುರಿ ಕಾಯುತ್ತೇನೆ" ಎಂದು ಬರೆದಿದ್ದೀಯ.

ಕಾಯಲು ಕುರಿ ಎಲ್ಲಿವೆ ಮಗಳೇ. ಅರ್ಧಕ್ಕಿಂತ ಹೆಚ್ಚು ಮಣ್ಣಾದವು. ಉಳಿದವು ತಮ್ಮಷ್ಟಕ್ಕೆ ತಾವೇ ಹೋಗಿ ತಮ್ಮಷ್ಟಕ್ಕೆ ತಾವೇ ಬರುತ್ತವೆ.

ನಿಮ್ಮಪ್ಪ ಕಟ್ಟೆಯಿಂದ ಇಳಿದು ಚಪ್ಪಲಿ ಮೆಟ್ಟಿಕೊಂಡರು. ಆಮೇಲೆ, "ಹೋದ ವರ್ಷದ ಕಾಶಿ ಸೂಜಿ ಹಾಕಸ್ರಿ ಅಂದ್ಲು. ಈ ವರ್ಷದ ಕಾಶಿ ಹಾಕಿಸಿದ್ದ ತಪ್ಪಂತಾಳ. ನಾ ಯಾ ಕಾಶಿ ಮಾತ ಕೇಳ್ಲಿ?" ಅಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಸಿಟ್ಟಿನಿಂದ ಅಂದದ್ದಲ್ಲ ಅದು. ಸಿಟ್ಟಾಗುವಷ್ಟು ತ್ರಾಣವೂ ಅವರಲ್ಲಿ ಉಳಿದಿಲ್ಲ.

ರಾಮವ್ವನ ಕೈಯಲ್ಲಿ ಮೊರ ನಿಂತಿತ್ತು. ಅವಳು ನನ್ನ ಮುಖ ನೋಡದೆ ಕೇಳಿದಳು, "ಯಕ್ಕಾ, ಆ ಮಶಿನ್ನಿಗೆ ಯಾ ಕುರಿದು ಅಂತನೂ ತಿಳೀತೈತೇನ?"

"ಯಾಕ?" ಅಂದೆ.

"ಹಂಗ ಕೇಳಿದ್ನಿ."

ಹಂಗೆ ಕೇಳುವವಳಲ್ಲ ಅವಳು. ನಾನು ಹಂಚಿಗೆ ರೊಟ್ಟಿ ಹಾಕಿದೆ. ಸುಮ್ಮನೆ ಇದ್ದರೆ ರಾಮವ್ವ ತಾನಾಗಿಯೇ ಹೇಳುತ್ತಾಳೆ, ಬೆದರಿಸಿದರೆ ಎದ್ದು ಹೋಗುತ್ತಾಳೆ.

ನಿನಗೆ ನೆನಪಿದೆಯಲ್ಲ, ಕುರಿ ಸಾಯುತ್ತಿದ್ದಾಗ ನೀನು ಬರೆದೆ, ಸತ್ತ ಕುರಿಯ ಮೈಯಿಂದ ಹಕ್ಕಳೆ ತೆಗೆದು ಒಣಗಿದ ಡಬ್ಬಿಯಲ್ಲಿ ಹಾಕಿ ಕಳಿಸಿರಿ ಎಂದು. ಸಿಡುಬು ಅಂದರೆ ನಮಗೆ ದುರಗವ್ವ ತಾಯಿಯೇ ಬಂದ ಹಾಗೆ; ತಾಯಿ ಬಂದ ಮನೆಯವರು ತಾಯಿಯನ್ನು ಕಳಿಸಿಕೊಡುವ ತನಕ ಸತ್ತ ಕುರಿ ಮುಟ್ಟುವ ಹಾಗಿಲ್ಲ. ನೀನು ಸಣ್ಣವಳಿರುವಾಗಿನಿಂದ ಬಾಗೇವಾಡಿ ಹಾಸ್ಟೆಲಿನಲ್ಲಿ ಇದ್ದವಳು, ಇದೆಲ್ಲ ನಿನಗೆ ತಿಳಿದಿರಲಿಕ್ಕಿಲ್ಲ. ಅದಕ್ಕೇ ನಾನು ನನ್ನ ಕುಂಕುಮದ ಡಬ್ಬಿ ತೊಳೆದು ಒಣಗಿಸಿ, ಬೇರೆ ಮನೆಯವಳು ಎಂದು ರಾಮವ್ವನ ಕೈಗೆ ಕೊಟ್ಟಿದ್ದೆ. ಅವಳು ಹಟ್ಟಿಗೆ ಹೋಗಿ ತುಂಬಿಸಿ ತಂದಳು. ನಾನು ಮುಚ್ಚಳ ತೆಗೆದು ನೋಡಲೂ ಇಲ್ಲ.

"ಸತ್ತ ಕುರಿ ಮ್ಯಾಲ ತಾಯಿ ಕುಂತಿದ್ಲು ಯಕ್ಕಾ" ಅಂದಳು ರಾಮವ್ವ. "ಆಕಿ ಮೈಮ್ಯಾಲಿಂದ ನಾ ಹೆಂಗ ಕೀಳ್ಲಿ? ಸಣ್ಣ ಸಣ್ಣ ಮಕ್ಕಳದಾವು ನನಗ. ಬದುಕಿದ್ದ ಕುರಿ ಒಂದ ಬಾಗಲದಾಗ ನಿಂತಿತ್ತು. ಅದರ ಬಾಲದ ಬುಡದಾಗ ಒಂದ ಹಕ್ಕಳಿ ತಾನ ಉದುರಾಕ ಬಂದಿತ್ತು. ಅದನ್ನ ತಗೊಂಡ ಡಬ್ಬ್ಯಾಗ ಹಾಕಿದ್ನಿ."

"ಬಾಲದ ಬುಡದಾಗ ಕಂಪೌಂಡರ ಮಶಾಕಸಾಬ ಸೂಜಿ ಚುಚ್ಚಿದ್ನಲ್ಲೇನ?" ಅಂದೆ.

"ಹೂಂ ಮತ್ತ. ಅದಕ್ಕ ತಗೊಂಡ್ನಿ. ಅದು ತಾಯಿದಲ್ಲ, ಸರಕಾರದ್ದು. ಅದನ್ನ ಕಿತ್ರ ಯಾರೂ ಸಿಟ್ಟಾಗಂಗಿಲ್ಲ."

ಹಂಚಿನ ಮೇಲಿನ ರೊಟ್ಟಿ ಹೊತ್ತಿತು. "ಹಕ್ಕಳಿ ಹಕ್ಕಳಿನ ಅಲ್ಲೇನ ಯಕ್ಕಾ, ಯಾ ಕುರಿದಾದ್ರೇನ?" ಎಂದು ಅವಳು ಮತ್ತೆ ಕೇಳಿದಳು. ಅವಳನ್ನು ಹೇಗೆ ಬೈಯಲಿ. ನನ್ನ ಕೆಲಸವನ್ನು ಅವಳ ತಲೆಗೆ ಕಟ್ಟಿದವಳು ನಾನು. ಹೆದರಿದರೂ ಇಲ್ಲ ಅನ್ನದೆ ಹೋದವಳು ಅವಳು.

ಆದ್ದರಿಂದ ನಿನ್ನ ಮಶಿನ್ನು ತಪ್ಪು ಹೇಳಿಲ್ಲ, ಕಾಶಿ. ಕತ್ತರಿಯೂ ತಪ್ಪು ಮಾಡಿಲ್ಲ. ನೀನು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವೇ ಬಂದಿದೆ. ಡಬ್ಬಿಯಲ್ಲಿದ್ದದ್ದು ಸೂಜಿಯ ಸಿಡುಬು, ಸೂಜಿಯದೇ ಎಂದು ಅದು ಹೇಳಿತು. ಕೊಂದ ಸಿಡುಬು ಯಾವುದು ಎಂದು ನಾವು ಅದಕ್ಕೆ ಕೇಳಿಯೇ ಇಲ್ಲ.

ಇದನ್ನು ಮಶಾಕಸಾಬನಿಗೆ ಮೊದಲು ಹೇಳಬೇಕು ಅನ್ನಿಸಿತು. ಪಾಪ, ಆ ಸೂಜಿಯ ಕಂಪೌಂಡರು ಈಗಲೂ ಸಿಂದಗಿಯಿಂದ ಸೈಕಲ್ಲು ತುಳಿದುಕೊಂಡು ಬರುತ್ತಾನೆ. ಊರೊಳಗೆ ಬರಗೊಡುವುದಿಲ್ಲ, ಅಗಸಿ ಬಾಗಿಲ ಹೊರಗೆ ಸೈಕಲ್ಲು ಹಿಡಿದುಕೊಂಡು ನಿಲ್ಲುತ್ತಾನೆ. ನಿನ್ನ ಸೋದರಮಾವ ಅಮಸಿದ್ದನೇ ಚಾವಡಿಯಲ್ಲಿ ಎಲ್ಲರ ಮುಂದೆ, "ಭಾವಾ, ನಿನ್ನ ಹಿಂಡ ತಿಂದಿದ್ದು ಆ ಸಾಬನ ಸೂಜಿ. ಇನ್ನ ಮ್ಯಾಲ ಯಾವನರ ಸೂಜಿ ಹಿಡಕೊಂಡ ಬಂದ್ರ ಕಾಲ ಮುರೀತೇನಿ" ಅಂದಿದ್ದ. ಅವತ್ತಿನಿಂದ ಯಾರೂ ಹಾಕಿಸಿಕೊಂಡಿಲ್ಲ. ನಾನು ಅಗಸಿಗೆ ಹೋಗಿ ವಿಷಯ ಹೇಳಿದಾಗ ಮಶಾಕಸಾಬ ನಗಲೂ ಇಲ್ಲ, ನನ್ನನ್ನು ಅನ್ನಲೂ ಇಲ್ಲ. "ಅವ್ವಾರ, ಮುದ್ದೇಬಿಹಾಳ ಕಡೆ ಬ್ಯಾನಿ ಜೋರ ಐತ್ರಿ. ಅಲ್ಲಿ ಹಿಂಡು ಬಾಗೇವಾಡಿ ದಾಟಿ ಈ ಕಡೆ ಮೇಯಾಕ ಬರಾಕತ್ತಾವ. ಕಾಶಿಬಾಯಾರ ಸಹಿ ಆತಂದ್ರ ಜಿಲ್ಲಾದಾಗ ಸೂಜಿ ಬಂದ್ ಆಕ್ಕೇತ್ರಿ. ನನ್ನ ನೌಕರಿ ಹೋಗ್ಲಿ ಬಿಡ್ರಿ. ಕುರಿ ಉಳಿಯಂಗಿಲ್ಲ" ಅಂದ. ಸೈಕಲ್ಲು ತಿರುಗಿಸಿಕೊಳ್ಳುತ್ತ ಮತ್ತೆ, "ಖರೇನ ಸೂಜಿಂದ ತಪ್ಪಿದ್ರ ಹಂಗ ಬರೀಲ್ರಿ. ಸುಳ್ಳ ಬರೀರಿ ಅಂತ ನಾ ಹೇಳಂಗಿಲ್ಲ" ಅಂದ. ಆ ಮಾತಿಗೆ ನಾನು ಅವನಿಗೆ ಕೈಮುಗಿದೆ.

ಖರೆ ತಿಳಿಯಬೇಕಾದರೆ ತಾಯಿಯ ಹಕ್ಕಳೆಯೇ ಬೇಕು. ಸತ್ತ ಕುರಿಗಳ ಮೇಲೆ ಈಗ ಹುಲ್ಲು ಬಂದಿದೆ. ಉಳಿದದ್ದು ಒಂದೇ ಜಾಗ.

ತಾಯಿ ಬಂದು ಹೋದ ಮೇಲೆ, ಬದುಕಿದ ಕುರಿಗಳ ಮೈಯಿಂದ ಉದುರಿದ ಹಕ್ಕಳೆಯನ್ನು ಅರಿಷಿಣದ ಬಟ್ಟೆಯಲ್ಲಿ ಗಂಟು ಕಟ್ಟಿ ದುರಗವ್ವನ ಕಟ್ಟೆಯ ಬೇವಿನ ಗಿಡಕ್ಕೆ ತೂಗುಹಾಕುತ್ತೇವೆ. ಹೋದ ತಾಯಿ ತಿರುಗಿ ಬರುವುದಿಲ್ಲ ಎಂದು. ಯುಗಾದಿಗೆ ಬಿಚ್ಚಿ ನೀರಿಗೆ ಬಿಡುತ್ತೇವೆ. ಯಾವ ಮನೆಯವರು ಕಟ್ಟಿದರೋ ಆ ಮನೆಯವರೇ ಬಿಚ್ಚಬೇಕು, ಬೇರೆಯವರ ಕೈ ತಾಗುವಂತಿಲ್ಲ. ಯುಗಾದಿಗೆ ಮೊದಲು ಬಿಚ್ಚಿದ್ದನ್ನು ನಾನು ನನ್ನ ಆಯುಷ್ಯದಲ್ಲಿ ಕೇಳಿಲ್ಲ.

ನಿನ್ನೆ ಭಾರತ ಹುಣ್ಣಿಮೆ. ಮಡಿಯಿಂದ, ಬಾಯಲ್ಲಿ ನೀರು ಹಾಕಿಕೊಳ್ಳದೆ ಹೋದೆ. ನಿಮ್ಮಪ್ಪನಿಗೆ ಹೇಳಿದ್ದೆ. ಅವರು "ನಿಂಗ ಹೆಂಗ ತಿಳೀತೈತಿ ಹಂಗ ಮಾಡು" ಅಂದರು. ಅದಕ್ಕಿಂತ ಬೈದಿದ್ದರೆ ಚಲೋ ಇತ್ತು.

ಪೂಜಾರಿ ಸೀತವ್ವ ಕಟ್ಟೆ ಸಾರಿಸುತ್ತಿದ್ದಳು. ಮುಚ್ಚಿಡದೆ ಎಲ್ಲ ಹೇಳಿದೆ. ಅವಳು ಸೊಂಟಕ್ಕೆ ಕೈಕೊಟ್ಟು ಎದ್ದು, "ತಾಯಿಗೆ ಕೊಟ್ಟದ್ದ ತಿರುಗಿ ಇಸಗೊಳ್ಳಾಕ ಬಂದೀಯೇನ ಹುಚ್ಚವ್ವಾ?" ಅಂದಳು.

"ಎರವ ಬೇಡಾಕ ಬಂದೇನಿ" ಅಂದೆ.

"ತಾಯಿ ಎರವ ಕೊಟ್ಟದ್ದ ನಾ ಎಲ್ಲೂ ಕೇಳಿಲ್ಲ."

"ನಾನೂ ಇಷ್ಟ ವರ್ಷದಾಗ ಆಕಿನ್ನ ಏನೂ ಕೇಳಿಲ್ಲ ಸೀತವ್ವ."

ಸೀತವ್ವ ನನ್ನನ್ನು ನೋಡಿದಳು, ಗಿಡವನ್ನು ನೋಡಿದಳು. ಆಮೇಲೆ ಸೆಗಣಿಯ ಬುಟ್ಟಿ ಎತ್ತಿಕೊಂಡು ನನಗೆ ಬೆನ್ನು ತಿರುಗಿಸಿ ಕೂತಳು. "ನಾ ನೋಡಂಗಿಲ್ಲ. ನೋಡಿದ್ರ ಬ್ಯಾಡ ಅನಬೇಕಾಕ್ಕೇತಿ" ಅಂದಳು.

ನಮ್ಮ ಗಂಟು ಹುಡುಕಿ ಕೈ ಹಾಕಿದೆ. ತಾಯಿಗೆ ಹೇಳಿದೆ: ನಿನ್ನ ಮೇಲಿನ ಭಕ್ತಿ ಕಮ್ಮಿಯಾಗಿ ಬಿಚ್ಚುತ್ತಿಲ್ಲ. ನನ್ನ ಮಗಳು ಮಾಡದ ತಪ್ಪನ್ನು ತಲೆ ಮೇಲೆ ಹೊತ್ತುಕೊಂಡು ಕೂತಿದ್ದಾಳೆ. ನೀನೇ ಬಂದದ್ದೋ ಸೂಜಿಯೇ ಬಂದದ್ದೋ, ನೀನೇ ಬಾಯಿ ಬಿಟ್ಟು ಹೇಳು. ಅಪರಾಧವಾದರೆ ನನ್ನ ಮೈಮೇಲೆ ಬಾ, ಮಕ್ಕಳ ತಂಟೆಗೆ ಹೋಗಬೇಡ. ಅರ್ಧ ತೆಗೆದುಕೊಂಡೆ, ಅರ್ಧವನ್ನು ಹಾಗೇ ಗಂಟು ಕಟ್ಟಿ ಬಿಟ್ಟೆ. ಸೀತವ್ವ ಆ ಕಡೆ ಮುಖ ಮಾಡಿಯೇ, "ಆತೇನ? ನನ್ನ ಸೊಂಟ ಹಿಡೀತು" ಅಂದಳು.

ಈ ಹಕ್ಕಳೆಯನ್ನು ಅದೇ ಕತ್ತರಿಯಿಂದ ಕತ್ತರಿಸು. ಆ ಔಷಧಿ ಸ್ವಲ್ಪ ಉಳಿದಿದೆ ಎಂದು ನೀನೇ ಬರೆದಿದ್ದೀಯಲ್ಲ. ಮತ್ತೆ ಬೊಂಬಾಯಿಗೆ ಕಾರ್ಡು ಹೊತ್ತುಕೊಂಡು ಹೋಗುವುದು ಬೇಡ, ಯಾವ ಕಿವಿ ನೋಡಬೇಕು ಅನ್ನುವುದು ಈಗ ಗೊತ್ತೇ ಇದೆ. ಇಡಿಯಾಗಿ ಉಳಿದರೆ ಹಾದಿಯ ಸಿಡುಬು, ನಿನ್ನ ಮೇಲೂ ಮಶಾಕಸಾಬನ ಮೇಲೂ ಮಾತಿಲ್ಲ. ಎರಡು ತುಂಡಾದರೆ ಸೂಜಿಯದೇ ತಪ್ಪು, ಆಗ ಧೈರ್ಯದಿಂದ ಸಹಿ ಹಾಕು. ನಮ್ಮನ್ನು ನೋಡಿ ಅಕ್ಷರ ಬದಲಿಸಬೇಡ. ಆದರೆ ಯಾವುದಾದರೂ ಆಗಲಿ, ಕೆಲಸ ಬಿಟ್ಟು ಬರುವ ಮಾತು ಆಡಬೇಡ. ನಿನ್ನನ್ನು ಓದಿಸುವಾಗ ನಾನು ಪಟ್ಟ ಕಷ್ಟವನ್ನು ನಿನಗೆ ಯಾವತ್ತೂ ಎತ್ತಿ ಆಡಿಲ್ಲ, ಈಗಲೂ ಆಡುವುದಿಲ್ಲ. ನನಗೆ ಸುಸ್ತಾಗಿದೆ ಅಷ್ಟೆ. ನೀನೂ ಸುಸ್ತಾಗಿ ನನ್ನ ಪಕ್ಕಕ್ಕೆ ಬಂದು ಕೂತರೆ ನನಗೆ ಏಳುವುದಕ್ಕೆ ಆಗುವುದಿಲ್ಲ.

ಹಾದಿಯ ಸಿಡುಬಾದರೆ ಎಲ್ಲಿಂದ ಬಂತು ಎಂದು ನೀನು ಕೇಳುತ್ತೀ. ಅದನ್ನು ನಾನು ಹೇಗೆ ಹೇಳಲಿ. ಕುರಿ ಎಲ್ಲಿ ಮೇಯುತ್ತವೆ, ಯಾವ ನೀರು ಕುಡಿಯುತ್ತವೆ, ಯಾರ ಹಿಂಡಿನಲ್ಲಿ ಬೆರೆಯುತ್ತವೆ. ದೀಪಾವಳಿಯ ಹಟ್ಟಿಹಬ್ಬಕ್ಕೆ ಅಮಸಿದ್ದ ಆಲಮೇಲದ ಸಂತೆಯಿಂದ ತಂದ ತನ್ನ ಟಗರನ್ನು ತಳಿಗೆಂದು ನಮ್ಮ ಹಿಂಡಿನಲ್ಲಿ ಬಿಟ್ಟಿದ್ದ. ಅದು ಈಗಲೂ ಗಟ್ಟಿಯಾಗಿದೆ. ಸೂಜಿಯವರು ಬಂದದ್ದು ಹಬ್ಬ ಮುಗಿದು ವಾರದ ಮೇಲೆ. ಯಾರನ್ನೂ ಬೊಟ್ಟು ಮಾಡಿ ತೋರಿಸುವುದು ಬೇಡ, ತಾಯಿ ಬರುವ ಹಾದಿ ತಾಯಿಗೇ ಗೊತ್ತು.

ಇಂಡಿಯಿಂದ ಲಿಂಬೆಹಣ್ಣಿನ ಲಾರಿ ನಾಳೆ ಪುಣೆಗೆ ಹೋಗುತ್ತದೆ. ಅದರ ಡ್ರೈವರು ಜೈನುದ್ದೀನ ಮಶಾಕಸಾಬನ ಸಂಬಂಧಿಕ. ಕಾಗದವನ್ನೂ ಡಬ್ಬಿಯನ್ನೂ ಅವನೇ ನಿನ್ನ ಲ್ಯಾಬಿನ ಬಾಗಿಲಿಗೆ ತಂದು ಕೊಡುತ್ತಾನೆ. ಅವನಿಗೆ ಚಹಾ ಕುಡಿಸಿ ಕಳಿಸು. ಹೊತ್ತಿಗೆ ಸರಿಯಾಗಿ ಉಣ್ಣು. ಎಣ್ಣೆ ಹಚ್ಚಿಕೊಂಡು ತಲೆ ಬಾಚು, ಮಶಿನ್ನಿಗೆ ನಿನ್ನ ತಲೆ ಕಾಣುವುದಿಲ್ಲ ನಿಜ, ನನಗೆ ಇಲ್ಲಿಂದಲೇ ಕಾಣುತ್ತದೆ.

ಇಷ್ಟು ಬರೆದು ಕೈ ಸೋತಿರುವ
ನಿನ್ನ ಅವ್ವ
ಹುಚ್ಚವ್ವ

ತಾಜಾಕಲಂ: ಡಬ್ಬಿಯನ್ನು ಬಟ್ಟೆಯಲ್ಲಿಟ್ಟು ಹೊಲಿಯಲು ಕೂತಿದ್ದೆ. ರಾಮವ್ವ ಬಂದಳು. ಹೊಸ್ತಿಲ ಬಳಿ ಕೂಡದೆ ಸೀದಾ ಒಳಗೆ ಬಂದು, ಸೆರಗಿನ ಗಂಟಿನಿಂದ ಒಂದು ಸಣ್ಣ ಅರಿಷಿಣದ ಪೊಟ್ಟಣ ತೆಗೆದು ನನ್ನ ಮುಂದೆ ಇಟ್ಟಳು. ಅದು ಅವರ ಮನೆಯ ಗಂಟಿನದು. ಗಿಡದಲ್ಲಿ ನಮ್ಮ ಗಂಟಿನ ಪಕ್ಕದಲ್ಲೇ ಇನ್ನೊಂದು ತೂಗುತ್ತಿದ್ದದ್ದನ್ನು ನಿನ್ನೆ ನಾನೂ ನೋಡಿದ್ದೆ, ಮೇಲೆ ಬರೆಯಲಿಲ್ಲ. ಅಮಸಿದ್ದ ನನ್ನ ಬೆನ್ನಿಗೆ ಬಿದ್ದ ತಮ್ಮ, ಬರೆಯಲು ಮನಸ್ಸಾಗಲಿಲ್ಲ. ಆ ಟಗರಿಗೆ ಹಬ್ಬಕ್ಕೆ ಮೊದಲೇ ತಾಯಿ ಬಂದು ಹೋಗಿದ್ದಳಂತೆ. ಗಂಟು ಕಟ್ಟಿದ ಮೇಲೆ ತಾಯಿ ಹೋದಳು ಎಂದೇ ನಂಬಿ ಅಮಸಿದ್ದ ಅದನ್ನು ನಮ್ಮ ಹಿಂಡಿಗೆ ಬಿಟ್ಟ. ಆಮೇಲೆ ನಮ್ಮ ಕುರಿ ಬೀಳತೊಡಗಿದಾಗ ಬಾಯಿ ಬಿಡಲು ಹೆದರಿ ಸೂಜಿಯ ಹೆಸರು ಹೇಳಿದ. "ಇದು ಸರಕಾರದ್ದಲ್ಲ ಯಕ್ಕಾ, ತಾಯಿದ. ಈ ಸಲ ನಾನ ಬಿಚ್ಚೇನಿ" ಅಂದಳು ರಾಮವ್ವ. ಗಂಡನಿಗೆ ಹೇಳಿಲ್ಲ.

ಕರಿ ದಾರ ಸುತ್ತಿದ ಪೊಟ್ಟಣ ಅದು. ಅದನ್ನೂ ಕತ್ತರಿಸಿ ನೋಡು. ವರದಿಯಲ್ಲಿ ಊರಿನ ಹೆಸರು ಬರೆ, ಮನೆಯ ಹೆಸರು ಬೇಡ. ಉತ್ತರವನ್ನು ಈ ಸಲ ನನ್ನ ಹೆಸರಿಗೆ ಕಳಿಸಬೇಡ, ರಾಮವ್ವನ ಹೆಸರಿಗೆ ಕಳಿಸು. ಅವಳೇ ಹಾಗೆ ಕೇಳಿದಳು. ಅವಳಿಗೆ ಓದಲು ಬರುವುದಿಲ್ಲ, ನನ್ನನ್ನೇ ಕರೆಸುತ್ತಾಳೆ. ಕಟ್ಟೆಯ ಮೇಲೆ ಅಮಸಿದ್ದ ಕೂತಿರುವಾಗ, ಅವನಿಗೆ ಕೇಳುವಂತೆ ಓದಬೇಕಂತೆ.